ಸ್ಟೀರಿಂಗ್ ಹಿಡಿದವರ ಎದೆಬಡಿತ

2024ರ ನವೆಂಬರ್ 6. ನೆಲಮಂಗಲದಿಂದ ದಾಸನಪುರದ ಕಡೆ ಹೊರಟಿದ್ದ ಬಿಎಂಟಿಸಿ ಬಸ್ಸು. ಬಸ್ಸಿನೊಳಗಿನ ಕ್ಯಾಮೆರಾದಲ್ಲಿ ದಾಖಲಾದದ್ದನ್ನು ಆಮೇಲೆ ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ನಲವತ್ತರ ಆಸುಪಾಸಿನ ಚಾಲಕ ಇದ್ದಕ್ಕಿದ್ದಂತೆ ಸೀಟಿನಿಂದ ವಾಲುತ್ತಾರೆ. ಬಸ್ಸು ಪಕ್ಕದಲ್ಲಿದ್ದ ಇನ್ನೊಂದು ಬಸ್ಸನ್ನು ಉಜ್ಜಿಕೊಂಡು ಮುಂದೆ ಸಾಗುತ್ತದೆ. ನಿರ್ವಾಹಕ ಓಡಿಬಂದು, ಬಾಗಿ, ಸ್ಟೀರಿಂಗ್ ಹಿಡಿದು ಬಸ್ಸು ನಿಲ್ಲಿಸುತ್ತಾರೆ. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ಚಾಲಕ ಮಾತ್ರ ಉಳಿಯಲಿಲ್ಲ. ಹೃದಯಾಘಾತ.

ನಿರ್ವಾಹಕರ ಸಮಯಪ್ರಜ್ಞೆಯನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಚಾಲಕರ ಕುರಿತ ಮಾತು ‘ಪಾಪ, ಇಷ್ಟು ಚಿಕ್ಕ ವಯಸ್ಸಿಗೆ’ ಎಂಬಲ್ಲಿಗೆ ನಿಂತುಹೋಯಿತು. ಅವರೊಬ್ಬರ ಸಾವಿಗೆ ಇಂಥದ್ದೇ ಕಾರಣ ಎಂದು ದೂರದಲ್ಲಿ ಕೂತು ತೀರ್ಪು ಕೊಡಲಾಗದು. ಆದರೆ ಮರುವರ್ಷ ಹಾಸನ ಜಿಲ್ಲೆಯಲ್ಲಿ ಒಂದರ ಬೆನ್ನಿಗೆ ಒಂದರಂತೆ ಹಠಾತ್ ಸಾವುಗಳಾಗಿ, ಮೈಸೂರು–ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ಹಚ್ಚಿದಾಗ ಸರ್ಕಾರ ತಜ್ಞರ ಸಮಿತಿಯೊಂದನ್ನು ಕೂರಿಸಿತು. ಸಾವಿನ ಸಂಖ್ಯೆ ಹಿಂದಿನ ತಿಂಗಳುಗಳಿಗಿಂತ ಏರಿಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ನಂಟಿಲ್ಲ ಎಂದು 2025ರ ಜುಲೈನಲ್ಲಿ ವರದಿ ಬಂತು. ಬಿ.ಪಿ., ಸಕ್ಕರೆ, ಸಿಗರೇಟು, ಬೊಜ್ಜು – ಹಳೆಯ ಕಾರಣಗಳೇ. ಅದರ ಜೊತೆಗೆ ಇನ್ನೊಂದು ಮಾತೂ ಇತ್ತು: ಮೃತರಲ್ಲಿ ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು. ಲಸಿಕೆಯ ಗದ್ದಲದಲ್ಲಿ ಆ ಮಾತನ್ನು ಕಿವಿಗೆ ಹಾಕಿಕೊಂಡವರು ಕಡಿಮೆ.

ಎದೆ ಹಿಡಿದಂತಾಗುತ್ತದೆ ಎಂದು ಹೋದವರಿಗೆ ಡಾಕ್ಟರು ಚೀಟಿ ಬರೆಯುತ್ತಾ ‘ಜಾಸ್ತಿ ಟೆನ್ಶನ್ ಮಾಡ್ಕೋಬೇಡ್ರೀ’ ಅನ್ನುವುದುಂಟು. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರಿಗೆ ಆ ಸಲಹೆ ಎಷ್ಟು ಪೊಳ್ಳು ಎಂದು ತಿಳಿಯುತ್ತದೆ. ಚಾಲಕರ ಎಡಗಾಲು ಕ್ಲಚ್ಚಿನಿಂದ ಇಳಿಯುವುದೇ ಇಲ್ಲ. ಒಂದನೇ ಗೇರು, ಎರಡನೆಯದು, ಮತ್ತೆ ಒಂದು, ಮತ್ತೆ ನ್ಯೂಟ್ರಲ್. ಎಡಗಡೆಯಿಂದ ಬೈಕೊಂದು ಬಂಪರಿಗೂ ಮುಂದಿನ ಕಾರಿಗೂ ನಡುವಿನ ಮೊಳದಷ್ಟು ಜಾಗಕ್ಕೆ ನುಗ್ಗುತ್ತದೆ, ಬ್ರೇಕು. ಪಕ್ಕದಲ್ಲಿ ನೀರಿನ ಬಾಟಲಿ ಇದೆ, ಮುಟ್ಟುವುದಿಲ್ಲ. ಕುಡಿದರೆ ಕೊನೆಯ ಸ್ಟಾಪಿನ ತನಕ ಮೂತ್ರ ತಡೆದುಕೊಂಡು ಕೂರಬೇಕು. ಎಂಜಿನ್ನಿನ ಬಿಸಿ ಮೊಣಕಾಲಿಗೆ ಬಡಿಯುತ್ತಿರುತ್ತದೆ. ಹಿಂದಿನಿಂದ ಒಂದು ದನಿ: ‘ಏನ್ ಡ್ರೈವರ್ ಸಾಹೇಬ್ರೆ, ನಿದ್ದೆಗಿದ್ದೆ ಬಂತಾ?’ ನಿರ್ವಾಹಕ ಅಲ್ಲಿಂದಲೇ, ‘ಸುಮ್ನಿರಿ ಸಾರ್, ಮುಂದೆ ಜಾಮ್ ಆಗೈತೆ, ಹಾರ್ಕೊಂಡ್ ಹೋಗಕ್ಕಾಗತ್ತಾ?’ ಅನ್ನುತ್ತಾರೆ. ಚಾಲಕರು ತಿರುಗಿಯೂ ನೋಡುವುದಿಲ್ಲ. ಕನ್ನಡಿಯಲ್ಲಿ ಕಾಣುವ ದವಡೆ ಮಾತ್ರ ಬಿಗಿದಿರುತ್ತದೆ.

ಬೆಳಿಗ್ಗೆ ಡಿಪೊದಲ್ಲಿ ಶೆಡ್ಯೂಲು ಕೈಗೆ ಬಂದಾಗಲೇ ಈ ಟೆನ್ಶನ್ನೂ ಬಂದಿರುತ್ತದೆ. ಇದನ್ನು ಮಾಡಿಕೊಳ್ಳಬೇಡಿ ಎಂದು ಅವರಿಗೊಬ್ಬರಿಗೇ ಹೇಳಿ ಏನು ಪ್ರಯೋಜನ?

ಬಸ್ ಚಾಲಕರ ಹೃದಯಕ್ಕೂ ವೈದ್ಯವಿಜ್ಞಾನಕ್ಕೂ ಹಳೆಯ ಸಂಬಂಧವಿದೆ. ಲಂಡನ್ನಿನ ಡಾ. ಜೆರಿ ಮಾರಿಸ್ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುತ್ತಾರೆ. ಅಲ್ಲಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಇಬ್ಬರು ನೌಕರರು. ಒಬ್ಬ ಇಡೀ ಪಾಳಿ ಕೂತು ಓಡಿಸುತ್ತಾನೆ, ಇನ್ನೊಬ್ಬ ಮಹಡಿ ಹತ್ತಿ ಇಳಿದು ಟಿಕೆಟ್ ಕೊಡುತ್ತಾನೆ. ಬಸ್ಸೂ ಅದೇ, ರಸ್ತೆಯೂ ಅದೇ. ಆದರೂ ಹೃದಯಾಘಾತ ಚಾಲಕರಿಗೇ ಹೆಚ್ಚು, ಬಂದರೆ ಜೀವ ಹೋಗುವುದೂ ಅವರಿಗೇ ಹೆಚ್ಚು. ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಎಂಬ ಇಂದಿನ ತಿಳಿವಳಿಕೆಯ ಒಂದು ಬುನಾದಿ ಅದು. ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ, ತಮ್ಮ ಫಲಿತಾಂಶವನ್ನು ತಾವೇ ಅನುಮಾನಿಸಿದರು. ಸಂಸ್ಥೆ ನೌಕರರಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರೆ ಚಾಲಕರ ಪ್ಯಾಂಟಿನ ಸೊಂಟ ಮೊದಲಿಂದಲೇ ದೊಡ್ಡದು! 1956ರಲ್ಲಿ ಅದನ್ನೂ ಪ್ರಕಟಿಸಿದರು. ವಿಜ್ಞಾನ ಅಂದರೆ ಹೀಗಿರಬೇಕು. (ವ್ಯಾಯಾಮವನ್ನು ತಾವೂ ಬಿಡದ ಈ ಮನುಷ್ಯ 99 ವರ್ಷ ಬಾಳಿದರು.)

ಮಾರಿಸ್ ಚಾಲಕರ ಮೈಯನ್ನು ನೋಡಿದರೆ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆನಾರ್ಡ್ ಸೈಮ್ ಚಾಲಕರ ಕೆಲಸವನ್ನು ನೋಡಿದರು. 1980ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಬಸ್ ಚಾಲಕರಲ್ಲಿ ರಕ್ತದೊತ್ತಡ ಏಕೆ ಇಷ್ಟೊಂದು ಎಂದು ಹುಡುಕಹೊರಟ ಅವರ ತಂಡದ ಕೈಗೆ ಸಿಕ್ಕಿದ್ದು ಬಸ್ಸಿನ ವೇಳಾಪಟ್ಟಿ. ಎಂಥ ನಿಪುಣ ಚಾಲಕನೂ ಪಾಲಿಸಲಾಗದ ವೇಳಾಪಟ್ಟಿ ಅದು. ತಡವಾದರೆ ಮೇಲಿನವರು ಬೈಯುತ್ತಾರೆ, ಪ್ರಯಾಣಿಕರೂ ಬೈಯುತ್ತಾರೆ. ಕಳೆದ ನಿಮಿಷಗಳನ್ನು ಚಾಲಕ ತನ್ನ ಊಟದ, ಶೌಚದ, ವಿಶ್ರಾಂತಿಯ ಹೊತ್ತಿನಿಂದಲೇ ಕತ್ತರಿಸಿ ಕೊಡಬೇಕು. ಡ್ಯೂಟಿ ಮುಗಿದ ಮೇಲೆ ಮೈ–ಮನಸ್ಸು ಸಡಿಲವಾಗಲೆಂದು ಬಾರಿಗೆ ಹೋಗಿ ಕೂರುತ್ತಾರೆ, ಮನೆಗೆ ತಡವಾಗಿ ಹೋಗುತ್ತಾರೆ, ಅಲ್ಲಿ ಇನ್ನೊಂದು ರಗಳೆ. ಇಂಥವರಿಗೆ ಉಪ್ಪು ಕಡಿಮೆ ಮಾಡಿ, ಸಿಗರೇಟು ಬಿಡಿ ಎಂದು ಪಾಠ ಹೇಳಿ ಕಳಿಸುವುದರಲ್ಲಿ ಅರ್ಥವಿಲ್ಲ, ವೇಳಾಪಟ್ಟಿಯನ್ನೇ ಸರಿಮಾಡಬೇಕು ಎಂಬ ತೀರ್ಮಾನಕ್ಕೆ ಸೈಮ್ ಬಂದರು.

ಅದೇ ಸೈಮ್ ಬಳಿ ಕಲಿತ ಮೈಕೆಲ್ ಮಾರ್ಮಟ್ ಲಂಡನ್ನಿನ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ‘ವೈಟ್‌ಹಾಲ್ ಅಧ್ಯಯನ’ ಎಂದೇ ಅದು ಪ್ರಸಿದ್ಧ. ದೊಡ್ಡ ಜವಾಬ್ದಾರಿ ಹೊತ್ತ ಸಾಹೇಬರಿಗೇ ಹೃದಯಾಘಾತ ಹೆಚ್ಚು ಎಂಬುದು ಅಲ್ಲಿಯವರೆಗಿನ ನಂಬಿಕೆ. ಲೆಕ್ಕ ಹಾಕಿದರೆ ತಿರುಗುಮುರುಗು. ಕೆಳಗಿನ ದರ್ಜೆಗೆ ಇಳಿದಷ್ಟೂ ಹೃದ್ರೋಗದ ಸಾವು ಹೆಚ್ಚು. ಫೈಲು ಹೊರುವ ಜವಾನರಲ್ಲಿ ಎಲ್ಲಕ್ಕಿಂತ ಹೆಚ್ಚು. ಸಿಗರೇಟು, ಕೊಲೆಸ್ಟರಾಲು, ಬಿ.ಪಿ. ಎಲ್ಲವನ್ನೂ ಕಳೆದು ನೋಡಿದರೂ ಈ ಅಂತರ ಪೂರ್ತಿ ಅಳಿಯಲಿಲ್ಲ. ಕೆಲಸ ಎಷ್ಟಿದೆ ಎನ್ನುವಷ್ಟೇ ಮುಖ್ಯವಾಗಿ, ಆ ಕೆಲಸದ ಮೇಲೆ ನಮ್ಮ ಹಿಡಿತ ಎಷ್ಟಿದೆ ಎನ್ನುವುದೂ ಹೃದಯಕ್ಕೆ ತಟ್ಟುತ್ತದೆ ಎಂದು ಅಲ್ಲಿಂದ ಮುಂದಿನ ಸಂಶೋಧನೆಗಳು ಹೇಳತೊಡಗಿದವು.

ಹಾಗೆಂದು ಕೆಲಸದ ಗಂಟೆಗಳನ್ನು ಮರೆಯುವಂತಿಲ್ಲ. ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ ಅವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ದೇಶವಿಡೀ ವಾದವಾಯಿತು. ಅದಕ್ಕೂ ಎರಡು ವರ್ಷ ಮೊದಲೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಟ್ಟಾಗಿ ಲೆಕ್ಕ ಕೊಟ್ಟಿದ್ದವು: ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಗಂಟೆ ಮೀರಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಸಂಸ್ಥೆ ಕಟ್ಟುವವನ 70 ಗಂಟೆಗೂ ಇಎಂಐ ಕಟ್ಟುವ ಕ್ಯಾಬ್ ಚಾಲಕನ 70 ಗಂಟೆಗೂ ಹೋಲಿಕೆಯೇ ಇಲ್ಲ ಎನ್ನುವುದು ಆ ವಾದದಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಚಾಲಕನಿಗೆ ಯಾವ ಟ್ರಿಪ್ ಬರುತ್ತದೆ, ದರ ಎಷ್ಟು, ಯಾರು ಕ್ಯಾನ್ಸಲ್ ಮಾಡುತ್ತಾರೆ, ಯಾರು ಒಂದೇ ಸ್ಟಾರ್ ಕೊಡುತ್ತಾರೆ – ಯಾವುದೂ ಕೈಯಲ್ಲಿಲ್ಲ.

ಎದೆಗೆ ಇಳಿಯುವ ದಾರಿ

ಮನಸ್ಸಿನ ಕಳವಳ ರಕ್ತನಾಳಕ್ಕೆ ಹೇಗೆ ಇಳಿಯುತ್ತದೆ? ಬೈಕು ಅಡ್ಡ ನುಗ್ಗಿದ ಆ ಕ್ಷಣವನ್ನೇ ತೆಗೆದುಕೊಳ್ಳಿ. ಮೆದುಳಿನ ಆಳದಲ್ಲಿರುವ ಅಮಿಗ್ಡಲ ಅಪಾಯವನ್ನು ಗುರುತಿಸುತ್ತದೆ. ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟಲೆಂದು ಪ್ಲೇಟ್‌ಲೆಟ್‌ಗಳು ಅಂಟಂಟಾಗುತ್ತವೆ. ಹಿಂದೆಯೇ ಕಾರ್ಟಿಸಾಲ್ ಬಂದು ರಕ್ತಕ್ಕೆ ಸಕ್ಕರೆ ಬಿಡಿಸುತ್ತದೆ. ಓಡಲು ಇಲ್ಲವೇ ಹೊಡೆದಾಡಲು ಮೈ ಮಾಡಿಕೊಳ್ಳುವ ಸಿದ್ಧತೆ ಇದು ಎಂದು ಅಮೆರಿಕದ ವಾಲ್ಟರ್ ಕ್ಯಾನನ್ ನೂರು ವರ್ಷದ ಹಿಂದೆಯೇ ವಿವರಿಸಿದ್ದರು. ಸ್ಟೀರಿಂಗ್ ಹಿಂದೆ ಕೂತವರು ಓಡುವಂತೆಯೂ ಇಲ್ಲ, ಹೊಡೆದಾಡುವಂತೆಯೂ ಇಲ್ಲ. ಒಂದು ಸಿಗ್ನಲ್ಲಿನಲ್ಲಿ ಏರಿದ್ದು ಇಳಿಯುವ ಮೊದಲೇ ಮುಂದಿನ ಸಿಗ್ನಲ್ಲು ಬರುತ್ತದೆ. ಟ್ಯಾಂಕು ತುಂಬಿದ ಮೇಲೂ ಯಾರೂ ಆಫ್ ಮಾಡದ ಮೋಟರಿನ ಪಾಡು ಹೃದಯದ್ದು.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ ಈ ದಾರಿಯನ್ನು ಸ್ಕ್ಯಾನಿನಲ್ಲೇ ಹಿಡಿಯಿತು. 293 ಮಂದಿಯ ಮೆದುಳು, ಮೂಳೆಮಜ್ಜೆ, ರಕ್ತನಾಳಗಳನ್ನು ಚಿತ್ರಿಸಿ, ಆಮೇಲೆ ಸರಾಸರಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಅವರ ಆರೋಗ್ಯವನ್ನು ಗಮನಿಸಿತು. ಅಮಿಗ್ಡಲ ಹೆಚ್ಚು ಚುರುಕಾಗಿದ್ದವರ ಮಜ್ಜೆಯೂ ಚುರುಕು, ರಕ್ತನಾಳದ ಗೋಡೆಗಳಲ್ಲಿ ಉರಿಯೂತವೂ ಹೆಚ್ಚು. ಹೃದಯಾಘಾತ, ಪಾರ್ಶ್ವವಾಯು ಬಂದದ್ದೂ ಅಂಥವರಿಗೇ ಹೆಚ್ಚು. 2017ರಲ್ಲಿ ಇದು ಪ್ರಕಟವಾಯಿತು. ಒಂದೇ ಅಧ್ಯಯನ, ಅದೂ ಚಿಕ್ಕದು. ಆದರೂ ‘ಎಲ್ಲ ಮನಸ್ಸಿನ ಭ್ರಮೆ’ ಅನ್ನುವವರ ಬಾಯಿ ಮುಚ್ಚಿಸಲು ಸಾಕು.

ಒಂದೇ ಏಟಿಗೆ ಬಂದೆರಗುವ ಆಘಾತದ ಕಥೆ ಬೇರೆ. 1994ರ ಜನವರಿ 17ರ ನಸುಕಿನಲ್ಲಿ ಭೂಕಂಪಕ್ಕೆ ಲಾಸ್ ಏಂಜಲೀಸ್ ನಡುಗಿದ ದಿನ ಹೃದ್ರೋಗದಿಂದ ಹಠಾತ್ತನೆ ಸತ್ತವರು 24 ಮಂದಿ. ಅದಕ್ಕೆ ಮುಂಚಿನ ವಾರ ದಿನದ ಸರಾಸರಿ ಐದಕ್ಕಿಂತ ಕಡಿಮೆ ಇತ್ತು. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗೂ ಮೀರಿದ್ದವು. ಇಂಥ ಆಘಾತಕ್ಕೆ ಹೆಚ್ಚಾಗಿ ಬಲಿಯಾಗುವುದು ಒಳಗೊಳಗೇ ಕೊಬ್ಬು ಕಟ್ಟಿಕೊಂಡ ರಕ್ತನಾಳದವರು. ಆ ಕೊಬ್ಬು ಕಟ್ಟುವ ಕೆಲಸ ವರ್ಷಗಟ್ಟಲೆ ನಡೆದಿರುತ್ತದೆ, ಸದ್ದಿಲ್ಲದೆ.

ನಮ್ಮವರ ಮಟ್ಟಿಗೆ ಎಚ್ಚರಿಕೆಯ ಗಂಟೆ ಬಾರಿಸಿದ್ದು 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ. ಅದರ ಮುಂದಾಳು ಡಾ. ಸಲೀಂ ಯೂಸುಫ್ ಕೇರಳದವರು. ಎಂಬಿಬಿಎಸ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಹೃದಯಾಘಾತವಾದವರನ್ನೂ ಆಗದವರನ್ನೂ ಎದುರುಬದುರು ಇಟ್ಟು ಕೇಳಿದಾಗ, ಕೆಲಸದ ಜಾಗದಲ್ಲಿ ಸದಾ ಒತ್ತಡ ಅನುಭವಿಸುತ್ತೇವೆ ಅಂದವರಿಗೆ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ಇನ್ನೊಂದು ಸಂಗತಿ ಮೈ ನಡುಗಿಸುವಂಥದ್ದು: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53, ಬೇರೆಡೆಯವರಿಗಿಂತ ಐದಾರು ವರ್ಷ ಮುಂಚೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಲ್ಲದಕ್ಕೂ ಒತ್ತಡವೇ ಕಾರಣ ಎಂದರೆ ಖುಷಿಪಡುವವರೂ ಇದ್ದಾರೆ. ಒತ್ತಡದ ಅಧ್ಯಯನಕ್ಕೆ ಪಿತಾಮಹ ಎನಿಸಿದ ಹಾನ್ಸ್ ಸೆಲ್ಯೆ ಅವರಿಗೆ ಸಿಗರೇಟು ಕಂಪನಿಗಳು ಹಣ ಕೊಟ್ಟದ್ದು ಆ ಕಂಪನಿಗಳದೇ ಒಳಕಡತಗಳು ಹೊರಬಂದಾಗ ಬಯಲಾಯಿತು. ತಪ್ಪು ಸಿಗರೇಟಿನದಲ್ಲ, ಟೆನ್ಶನ್ನಿನದು ಎಂದು ಸಾಧಿಸಲು ಅವಕ್ಕೆ ವಿಜ್ಞಾನಿಗಳು ಬೇಕಿತ್ತು. ಒಂದು ದಮ್ ಎಳೆದರೆ ಮನಸ್ಸು ಹಗುರಾಗುತ್ತದೆ ಅನ್ನುವುದೂ ಅರ್ಧ ಸತ್ಯ. ನಿಕೊಟಿನ್ ಎದೆಬಡಿತವನ್ನೂ ಬಿ.ಪಿ.ಯನ್ನೂ ಏರಿಸುತ್ತದೆ. ಹಗುರಾಯಿತು ಅನ್ನಿಸುವುದು ಬಹುಪಾಲು ಹಿಂದಿನ ಸಿಗರೇಟು ಹಚ್ಚಿಹೋದ ಚಡಪಡಿಕೆ ತಣಿದದ್ದಕ್ಕೆ. ರಾತ್ರಿಯ ಕ್ವಾರ್ಟರಿನದೂ ಇದೇ ಜಾತಿಯ ಮೋಸ. ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿಗೆ ಒಡೆಯುತ್ತದೆ. ಒತ್ತಡ ಹೃದಯಕ್ಕೆ ಇಳಿಯುವ ಅತಿ ಸಲೀಸು ದಾರಿಗಳು ಇವೇ: ಬೀಡಿ, ಕುಡಿತ, ಕೆಟ್ಟ ನಿದ್ದೆ, ಹೊತ್ತು ತಪ್ಪಿದ ಊಟ.

ಕೈಲಾಗುವುದೆಷ್ಟು

ಮೊದಲ ಕೆಲಸ ಬಿ.ಪಿ. ಅಳೆಸುವುದು. ರಕ್ತದೊತ್ತಡ ಏರಿದರೆ ತಲೆನೋವೋ ತಲೆಸುತ್ತೋ ಬರುತ್ತದೆಂದು ಕಾಯುವವರೇ ಹೆಚ್ಚು. ಬಹುತೇಕರಿಗೆ ಏನೂ ಬರುವುದಿಲ್ಲ. ಚಹಾ ಕುಡಿದು, ಬೀಡಿ ಸೇದಿ, ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಕಟ್ಟಿಸಿಕೊಂಡರೆ ಲೆಕ್ಕ ತಪ್ಪುತ್ತದೆ; ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟುಕೊಂಡು ಅಳೆಸಬೇಕು. ಇದರ ಉಲ್ಟಾ ತೊಂದರೆಯೂ ಇದೆ. ರಜೆಯ ದಿನ ಆಸ್ಪತ್ರೆಯಲ್ಲಿ ನಾರ್ಮಲ್ ತೋರಿಸುವ ಬಿ.ಪಿ. ಡ್ಯೂಟಿಯ ಹೊತ್ತಿನಲ್ಲಿ 140/90 ದಾಟಿರಬಹುದು. ಇಂಥ ಮರೆಯಲ್ಲಿರುವ ಬಿ.ಪಿ. ಚಾಲಕರಂಥವರಲ್ಲಿ ಕಣ್ತಪ್ಪಿಹೋಗುತ್ತದೆ. ಅದಕ್ಕೇ ಪಾಳಿ ಮುಗಿದ ಮೇಲೂ ಆಗಾಗ ನೋಡಿಸುವುದು ವಾಸಿ. ಮಾತ್ರೆ ಬರೆದುಕೊಟ್ಟರೆ ‘ಒಮ್ಮೆ ಶುರುಮಾಡಿದ್ರೆ ಜೀವನಪೂರ್ತಿ ತಗೋಬೇಕು’ ಎಂದು ಹೆದರಿ ಬಿಡುವುದು ನಮ್ಮಲ್ಲಿ ಮಾಮೂಲು. ಮಾತ್ರೆ ಬಿಟ್ಟರೆ ಆ ಜೀವನವೇ ಗಿಡ್ಡವಾಗಬಹುದು ಎಂದು ಯಾರಾದರೂ ಹೇಳಬೇಕು.

ಎರಡನೆಯದು ಉಸಿರು. ನಿಮಿಷಕ್ಕೆ ಹದಿನೈದರ ಆಸುಪಾಸಿನಲ್ಲಿರುವ ಉಸಿರಾಟವನ್ನು ಆರಕ್ಕೆ ಇಳಿಸಿದರೆ ಎದೆಬಡಿತ ಮತ್ತು ರಕ್ತದೊತ್ತಡವನ್ನು ಸರಿದೂಗಿಸುವ ನರಗಳು ಚುರುಕಾಗುತ್ತವೆ. ಇಟಲಿಯ ಲೂಚಿಯಾನೊ ಬೆರ್ನಾರ್ದಿ 2001ರಲ್ಲಿ ಕಂಡುಕೊಂಡದ್ದು ಸೊಗಸಾಗಿದೆ: ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಯೋಗದ ಮಂತ್ರವಾಗಲಿ, ಲಯವಾಗಿ ಹೇಳುತ್ತಾ ಹೋದರೆ ಉಸಿರು ತಾನಾಗಿಯೇ ನಿಮಿಷಕ್ಕೆ ಆರಕ್ಕೆ ಬಂದು ನಿಲ್ಲುತ್ತದೆ. ನಾಲ್ಕೈದು ಎಣಿಸುತ್ತಾ ಒಳಕ್ಕೆ, ಐದಾರು ಎಣಿಸುತ್ತಾ ಹೊರಕ್ಕೆ. ಟರ್ಮಿನಲ್ಲಿನಲ್ಲಿ ಬಸ್ಸು ನಿಂತ ಐದು ನಿಮಿಷದಲ್ಲಿ ಆಗುವ ಕೆಲಸ, ಕಾಸಿಲ್ಲ, ಖರ್ಚಿಲ್ಲ.

ಯೋಗ ಮಾಡಿದರೆ ಬ್ಲಾಕೇಜು ಕರಗುತ್ತದೆ ಎಂಬ ವಾಟ್ಸ್‌ಆ್ಯಪ್ ಮಾತನ್ನು ಮಾತ್ರ ನಂಬಬೇಡಿ. ಹೃದಯಾಘಾತವಾಗಿ ಉಳಿದ ಸುಮಾರು ನಾಲ್ಕು ಸಾವಿರ ಮಂದಿಯನ್ನು ಸೇರಿಸಿಕೊಂಡು ಭಾರತದ 24 ಆಸ್ಪತ್ರೆಗಳಲ್ಲಿ ‘ಯೋಗ–ಕೇರ್’ ಎಂಬ ಪ್ರಯೋಗ ನಡೆಯಿತು. ಯೋಗ ಮಾಡಿದವರಲ್ಲಿ ಸಾವು ಅಥವಾ ಮರು ಹೃದಯಾಘಾತ ಖಚಿತವಾಗಿ ತಗ್ಗಿತು ಎಂದು ಹೇಳಲಾಗಲಿಲ್ಲ. ಆದರೆ ಅವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂದರು, ಹಳೆಯ ಕೆಲಸಗಳಿಗೆ ಹೆಚ್ಚು ಸಲೀಸಾಗಿ ಮರಳಿದರು. ಅದೇನು ಕಡಿಮೆ ಲಾಭವಲ್ಲ. ಮಾತ್ರೆಯ ಜೊತೆಗೆ ಯೋಗ, ಮಾತ್ರೆಯ ಬದಲಿಗಲ್ಲ.

ಫಲ ಸ್ಪಷ್ಟವಾಗಿ ಕಂಡದ್ದು ಇನ್ನೊಂದು ಕಡೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 362 ಹೃದ್ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಚಿಕ್ಕ ಗುಂಪುಗಳಾಗಿ ಕೂರಿಸಿ ಒಂದು ವರ್ಷ ಆಗಾಗ ಎರಡೆರಡು ಗಂಟೆ ತರಬೇತಿ ಕೊಟ್ಟರು. ಆತುರ, ಸಿಟ್ಟು ಏಳುವುದನ್ನು ಗುರುತಿಸುವುದು, ಅದಕ್ಕೆ ಬೇರೆ ರೀತಿ ಸ್ಪಂದಿಸುವುದು. ಮುಂದಿನ ಸುಮಾರು ಎಂಟು ವರ್ಷಗಳಲ್ಲಿ ಆ ಗುಂಪಿನಲ್ಲಿ ಮರುಕಳಿಸಿದ ಹೃದ್ರೋಗದ ಘಟನೆಗಳು ಶೇ 41ರಷ್ಟು ಕಡಿಮೆ. ಇಂಥ ತರಬೇತಿಯ ಮೊದಲಿಗ, ಸ್ಯಾನ್‌ಫ್ರಾನ್ಸಿಸ್ಕೊದ ಮೇಯರ್ ಫ್ರೀಡ್‌ಮನ್, ತಮ್ಮ ರೋಗಿಗಳಿಗೆ ಕೊಡುತ್ತಿದ್ದ ಮನೆಪಾಠ ಮಜವಾಗಿತ್ತು: ಅಂಗಡಿಯಲ್ಲಿ ಬೇಕೆಂತಲೇ ಅತಿ ಉದ್ದದ ಸಾಲಿನಲ್ಲಿ ನಿಲ್ಲಿ, ರಸ್ತೆಯಲ್ಲಿ ನಿಧಾನದ ಲೇನಿನಲ್ಲೇ ಹೋಗಿ. ಬೆಂಗಳೂರಿನಲ್ಲಿ ಈ ಪಾಠಕ್ಕೆ ಫೀಸು ಕೊಡಬೇಕಿಲ್ಲ, ಎಲ್ಲ ಲೇನೂ ನಿಧಾನದ್ದೇ. ಸ್ವಂತ ಕಾರಿನಲ್ಲಿ ಹಾರ್ನ್ ಒತ್ತುತ್ತಾ ಕೂರುವ ನಮ್ಮಂಥವರು ಪಾಠ ಕಲಿಯಬಹುದು. ಹತ್ತು ನಿಮಿಷ ತಡವಾದರೆ ನಮಗೆ ಯಾರೂ ಮೆಮೊ ಕೊಡುವುದಿಲ್ಲ.

ಮನಸ್ಸು ತೀರಾ ಭಾರವಾದರೆ 14416ಕ್ಕೆ ಕರೆ ಮಾಡಬಹುದು. ಇದು ‘ಟೆಲಿ ಮಾನಸ್’, 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸಹಾಯವಾಣಿ. ನಿಮ್ಹಾನ್ಸ್ ಇದರ ಮೇಲ್ವಿಚಾರಣೆ ಮಾಡುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ನೋವು ಎಡದೋಳಿಗೋ ದವಡೆಗೋ ಹರಿದರೆ ‘ಗ್ಯಾಸ್ಟ್ರಿಕ್ ಇರ್ಬೇಕು’ ಎಂದು ಸೋಡಾ ಕುಡಿದು ಮಲಗಬಾರದು. ಹೆಂಗಸರಲ್ಲಿ ಎದೆನೋವಿಗಿಂತ ಸುಸ್ತು, ಉಬ್ಬಸ, ಬೆನ್ನುನೋವೇ ಮುಂದಾಗಿ ಕಾಣುವುದೂ ಉಂಟು. ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ಆಗಬೇಕು. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ.

ಇಷ್ಟೆಲ್ಲ ಚಾಲಕರು ಮಾಡಬೇಕಾದದ್ದು, ಸರಿ. ಡಿಪೊಗಳಲ್ಲಿ ಕೂತವರು ಮಾಡಬೇಕಾದದ್ದಕ್ಕೂ ಒಂದು ಪಾಠವಿದೆ, ಅದೂ ಸ್ವೀಡನ್ನಿನದು. 1990ರ ದಶಕದಲ್ಲಿ ಸ್ಟಾಕ್‌ಹೋಮ್ ನಗರದ ಒಂದು ಮಾರ್ಗದಲ್ಲಿ ಬಸ್ಸಿಗೆ ಪ್ರತ್ಯೇಕ ಲೇನು ಬಿಟ್ಟರು, ತೊಡಕಿನ ಸ್ಟಾಪುಗಳನ್ನು ಸ್ಥಳಾಂತರಿಸಿದರು, ಪ್ರಯಾಣಿಕರಿಗೆ ಮಾಹಿತಿ ಸಿಗುವಂತೆ ಮಾಡಿದರು. ಗ್ಯಾರಿ ಇವಾನ್ಸ್ ಮತ್ತು ಸಂಗಡಿಗರು ಆ ಮಾರ್ಗದ ಚಾಲಕರನ್ನೂ ಬದಲಾವಣೆಯಾಗದ ಮಾರ್ಗಗಳ ಚಾಲಕರನ್ನೂ ಕೆಲಸದ ಹೊತ್ತಿನಲ್ಲೇ ಪರೀಕ್ಷಿಸಿದರು. ಸುಧಾರಿಸಿದ ಮಾರ್ಗದ ಚಾಲಕರಲ್ಲಿ ಬಿ.ಪಿ.ಯ ಮೇಲಿನ ಅಂಕಿ ಇಳಿದಿತ್ತು, ಎದೆಬಡಿತವೂ ಇಳಿದಿತ್ತು. ಯಾರಿಗೂ ಧ್ಯಾನ ಕಲಿಸಿರಲಿಲ್ಲ, ಯಾರ ಊಟವನ್ನೂ ಬದಲಿಸಿರಲಿಲ್ಲ. ಬದಲಾದದ್ದು ರಸ್ತೆ.

ನಮ್ಮಲ್ಲೂ 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಕಂಬ ನೆಟ್ಟು ಬಸ್ಸಿಗೊಂದು ಪ್ರತ್ಯೇಕ ಪಥ ಬಿಟ್ಟಿದ್ದರು. ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು. ಅದು ಇದ್ದಷ್ಟು ದಿನ ಎಷ್ಟು ನಿಮಿಷ ಉಳಿಯಿತು ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆದಿತ್ತು. ಚಾಲಕರ ತೋಳಿಗೆ ಪಟ್ಟಿ ಕಟ್ಟಿ ನೋಡಬೇಕೆಂದು ಯಾರೂ ಕೇಳಿದ ನೆನಪಿಲ್ಲ. ಸಾರಿಗೆ ನಿಗಮಗಳು ಈಗ ಜಯದೇವ ಸಂಸ್ಥೆಯ ಜೊತೆಗೂಡಿ ಸಿಬ್ಬಂದಿಯ ಹೃದಯ ತಪಾಸಣೆ ಮಾಡಿಸುತ್ತಿವೆ. ಒಳ್ಳೆಯ ಕೆಲಸ. ಆ ತಪಾಸಣೆಯ ಫಲಿತಾಂಶವನ್ನು ಮಾರ್ಗವಾರು ವಿಂಗಡಿಸಿ, ಯಾವ ಶೆಡ್ಯೂಲಿನವರಿಗೆ ಬಿ.ಪಿ. ಹೆಚ್ಚಿದೆ ಎಂದು ನೋಡುವುದು ದೊಡ್ಡ ಖರ್ಚಿನ ಬಾಬೇನಲ್ಲ. ಮುಂದಿನ ಸಲ ರನ್ನಿಂಗ್ ಟೈಮ್ ನಿಗದಿ ಮಾಡುವ ಅಧಿಕಾರಿಗಳ ಮೇಜಿನ ಮೇಲೆ ಆ ಪಟ್ಟಿಯೂ ಇರಬೇಕು, ಕೊನೆಯ ಸ್ಟಾಪುಗಳಲ್ಲಿ ಎಲ್ಲೆಲ್ಲಿ ಶೌಚಾಲಯವಿಲ್ಲ ಎಂಬ ಪಟ್ಟಿಯ ಜೊತೆಗೆ.